ಚಾರ್ಟಿನ ಅಂಚು ಬರೆಯುವ ಹುಡುಗ

ಮಕ್ಕಳ ಓದಿನ ಬಗ್ಗೆ ಪಾಲಕರಿಗೆ ಸಲಹೆ ಹೇಳುವವಳು ನಾನು. ಗುಂಪಿನ ಕೆಲಸದಲ್ಲಿ ಖುಷಿಯಾಗಿದ್ದೂ ಕಲಿಕೆಯಲ್ಲಿ ಹಿಂದುಳಿದ ಮಗು ಈ ವರ್ಷ ನನ್ನೆದುರು ಬಂದು ಕುಳಿತದ್ದು ಇದು ನಾಲ್ಕನೆಯ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಎಂಟನೆಯ ತರಗತಿ. ತಂದೆ ತಾಯಿ ಕಲಬುರಗಿ ಕಡೆಯಿಂದ ಮುಂಬೈಗೆ ಬಂದು ಕಟ್ಟಡದ ಕೆಲಸ ಮಾಡುವವರು. ಏಳನೆಯವರೆಗೆ ಪಾಲಿಕೆಯ ಕನ್ನಡ ಶಾಲೆ, ಆಮೇಲೆ ಇಂಗ್ಲಿಷ್ ಮಾಧ್ಯಮದ ಅನುದಾನಿತ ಶಾಲೆ. ಅಲ್ಲಿ ವಾರಕ್ಕೆರಡು ದಿನ ಕಾಲೇಜು ಸಿದ್ಧತೆಯ ತರಗತಿ, ಅದರಲ್ಲಿ ಬಹುಪಾಲು ಗುಂಪು ಚಟುವಟಿಕೆ. ಗುಂಪಿನ ಕೆಲಸಕ್ಕೆ ಪ್ರತಿ ಸಲವೂ ಒಳ್ಳೆಯ ಶ್ರೇಣಿ. ಗಣಿತ ಪರೀಕ್ಷೆಯಲ್ಲಿ ಮಾತ್ರ 40ಕ್ಕೆ 11.

“ಅಕ್ಕಾ, ಗುಂಪಿನಲ್ಲಿ ಕುಳಿತು ಹಾಳಾಗುತ್ತಿದ್ದಾನೆ. ಅದನ್ನು ಬಿಡಿಸಿ ಟ್ಯೂಷನ್‌ಗೆ ಹಾಕುತ್ತೇನೆ” ಎಂದರು ತಾಯಿ. ಅವರ ಆತುರಕ್ಕೆ ಕಾರಣವಿತ್ತು. ಬಡ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಯಾದ ಎನ್‌ಎಂಎಂಎಸ್ ಬರೆಯುವುದು ಎಂಟನೆಯಲ್ಲಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಆ ಮನೆಗೆ ಅದು ಸಣ್ಣ ಹಣವಲ್ಲ.

ಎರಡನೆಯ ಭೇಟಿಗೆ ಅವನ ಗುಂಪು ಮಾಡಿದ ಚಾರ್ಟುಗಳನ್ನು ತರಿಸಿದೆ. ನಾಲ್ಕಿದ್ದವು. ಮೇಜಿನ ಮೇಲೆ ಹರಡಿ, “ಇದರಲ್ಲಿ ನಿನ್ನದು ಯಾವುದು?” ಎಂದು ಕೇಳಿದೆ. ಅವನು ಒಂದೊಂದರ ಅಂಚಿನ ಮೇಲೂ ಬೆರಳಾಡಿಸಿದ. ಬಳ್ಳಿ, ಚುಕ್ಕೆ, ಮತ್ತೆ ಬಳ್ಳಿ, ಎಲ್ಲೂ ಕೈ ನಡುಗದ ಗೆರೆಗಳು.

“ಚೆನ್ನಾಗಿದೆ. ಒಳಗೆ ಏನು ಬರೆದಿದ್ದಾರೆ, ಹೇಳು.”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಗೊತ್ತಿಲ್ಲ ಟೀಚರ್. ನಾನು ಬರೆದು ಮುಗಿಸುವಾಗ ಒಳಗೆ ಖಾಲಿ ಇತ್ತು.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗುಂಪಿನ ಮಾತೆಲ್ಲ ಹಿಂದಿಯಲ್ಲಿ, ಇವನಿಗೆ ಹಿಂದಿ ನಿಧಾನ. ಯಾರೂ ಕೆಟ್ಟವರಲ್ಲ. ಮಾತು ಬೇಡದ ಕೆಲಸವನ್ನು ಪ್ರೀತಿಯಿಂದಲೇ ಕೊಟ್ಟರು, ಇವನೂ ಪ್ರೀತಿಯಿಂದಲೇ ಮಾಡಿದ. ನಾಲ್ಕು ತಿಂಗಳಲ್ಲಿ ಒಂದು ಲೆಕ್ಕವನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. “ಅವನು ಗುಂಪಿನಲ್ಲಿ ಸಂತೋಷವಾಗಿದ್ದಾನಲ್ಲ” ಎಂದು ಶಿಕ್ಷಕಿ ಹೇಳಿದಾಗ ನಾನು ಒಪ್ಪಲಿಲ್ಲ. ಸಂತೋಷ ಕಂಡಲ್ಲೆಲ್ಲ ಕಲಿಕೆ ಇರುತ್ತದೆಂದು ನಂಬಿದರೆ ಮೊದಲು ಮೋಸಹೋಗುವುದು ಇಂಥ ಸಾಧು ಮಕ್ಕಳೇ.

ಗುಂಪು ಬಿಡಬೇಡಿ, ಗುಂಪಿನ ರೀತಿ ಬದಲಿಸಿ ಎಂದೆ. ಟ್ಯೂಷನ್ ಬೇಡವೆಂದದ್ದಕ್ಕೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಈಗಲೂ ನನ್ನ ಮಾತಿಗೆ ಬದ್ಧಳು. ಬಾಯಿ ತೆರೆಯದ ಹುಡುಗ ಟ್ಯೂಷನ್ನಿನಲ್ಲಿ ನಲವತ್ತು ಮಕ್ಕಳ ಹಿಂದೆ ಇನ್ನಷ್ಟು ಮೌನವಾಗುತ್ತಾನೆ. ಅಮೆರಿಕದ ಆಸ್ಟಿನ್ ನಗರದಲ್ಲಿ 1971ರಲ್ಲಿ, ಬಿಳಿಯ ಮತ್ತು ಕರಿಯ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದಾಗ, ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಪಾಠವನ್ನು ತುಂಡು ಮಾಡಿ ಪ್ರತಿ ಮಗುವಿಗೂ ಒಂದೊಂದು ಭಾಗ ಕೊಟ್ಟರು. ಆ ಮಗು ಹೇಳದಿದ್ದರೆ ಉಳಿದವರಿಗೆ ಪಾಠ ಪೂರ್ತಿಯಾಗದು. ಹಾಗಾಗಿ ಎಲ್ಲರೂ ಅದರ ಮಾತಿಗೆ ಕಾಯಲೇಬೇಕು. ಶಿಕ್ಷಕಿಗೆ ನಾನು ಕೇಳಿಕೊಂಡದ್ದೂ ಅದನ್ನೇ. ಜೊತೆಗೆ, ಪ್ರತಿಯೊಬ್ಬರೂ ತಮಗೆ ತಿಳಿಯದ ಒಂದು ಪ್ರಶ್ನೆಯನ್ನು ಬರೆದು ತರಲಿ. ಉತ್ತರವನ್ನು ಯಾರೂ ಹೇಳಿಕೊಡದೆ, ಪ್ರಶ್ನೆ ಕೇಳಿ ಕೇಳಿಯೇ ದಾರಿ ತೋರಲಿ. ಕೊನೆಯ ಹತ್ತು ನಿಮಿಷ ಒಬ್ಬೊಬ್ಬರೇ ಬರೆಯಲಿ, ಅಂಕ ಆ ಬರಹಕ್ಕೆ ಸಿಗಲಿ. ಚಾರ್ಟಿಗಲ್ಲ.

ತಾಯಿಗೆ ಹೇಳಿದ್ದು ಇಷ್ಟೇ: ರಾತ್ರಿ ಅವನ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ.

“ನನಗೆ ಓದು ಬರುವುದಿಲ್ಲ ಅಕ್ಕಾ.”

“ಕೇಳಲು ಬರುತ್ತದಲ್ಲ.”

ಮುಂದಿನ ಪರೀಕ್ಷೆಯಲ್ಲಿ 40ಕ್ಕೆ 17 ಬಂತು. ತಾಯಿಗೆ ಸಮಾಧಾನವಿಲ್ಲ, ಟ್ಯೂಷನ್ ವಿಷಯ ಇನ್ನೂ ಎತ್ತುತ್ತಾರೆ. ಆದರೆ ಕಳೆದ ಭೇಟಿಯಲ್ಲಿ ಅವನ ಪ್ರಶ್ನೆಯ ಪುಸ್ತಕ ನೋಡಿದೆ. 2:3 ಅನುಪಾತದಲ್ಲಿ ಹಂಚಿದರೆ ಮೊದಲನೆಯವನ ಪಾಲು ಮೂರನೇ ಎರಡು ಏಕಲ್ಲ, ಐದನೇ ಎರಡು ಏಕೆ ಎಂದು ಬರೆದಿದ್ದ. ಯಾರು ಬಿಡಿಸಿಕೊಟ್ಟರೆಂದು ಕೇಳಿದೆ.

“ಅವ್ವ. ಗಾರೆಗೆ ಒಂದು ಬುಟ್ಟಿ ಸಿಮೆಂಟು, ನಾಲ್ಕು ಬುಟ್ಟಿ ಮರಳು ಹಾಕಿದರೆ ಒಟ್ಟು ಎಷ್ಟು ಬುಟ್ಟಿ ಎಂದು ಕೇಳಿದಳು.”