ಮೂರನೇ ಪಂದ್ಯದಲ್ಲಿ ಎಡವಿದ ಹುಡುಗನ ವಿಷಯ

ರಗ್ಬಿಯಲ್ಲಿ 19 ವರ್ಷದ ಫ್ಲೈ-ಹಾಫ್ (ತಂಡದ ಆಟ ನಡೆಸುವ ಆಟಗಾರ) ಮೊದಲ ಎರಡು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಮಿಂಚಿದ, ಮೂರನೆಯದರಲ್ಲಿ ಎಡವಿದ, ಈಗ ಅವನನ್ನು ಕೈಬಿಡಬೇಕಾ ಅಂತ ಕೇಳಿದ್ದೀರಿ. ಕೈಬಿಡೋದು ಬೇಡ. ಹಾಗಂತ ಪ್ರತಿ ಪಂದ್ಯದಲ್ಲೂ 80 ನಿಮಿಷ ಆಡಿಸಲೇಬೇಕು ಅಂತಲೂ ನಾನು ಹೇಳುವುದಿಲ್ಲ.

ಮೊದಲೆರಡು ಪಂದ್ಯಗಳಲ್ಲಿ ಎದುರಾಳಿಗಳಿಗೆ ಅವನ ಆಟ ಗೊತ್ತಿರಲಿಲ್ಲ, ಅಲ್ವಾ? ಮೂರನೆಯದಕ್ಕೆ ವಿಡಿಯೋ ನೋಡಿಕೊಂಡೇ ಬಂದಿರುತ್ತಾರೆ. ಚೆಂಡು ಒದೆಯುವ ಮುಂಚೆ ಎಷ್ಟು ಹೆಜ್ಜೆ ಹಾಕುತ್ತಾನೆ, ಯಾವ ಕಡೆ ಪಾಸ್ ಕೊಡಲು ತಡಮಾಡುತ್ತಾನೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಎದುರಾಳಿ ತಂಡದ ಫ್ಲಾಂಕರ್ (ಮುಂಪಡೆಯ ಆಟಗಾರ) ನೇರವಾಗಿ ಅವನ ಮೇಲೇ ನುಗ್ಗುತ್ತಾನೆ. ಕ್ಲಬ್ ಆಟದಲ್ಲಿ ಸಿಗುತ್ತಿದ್ದ ಚೂರು ಬಿಡುವೂ ಸಿಗುವುದಿಲ್ಲ. ಅವನ ನಿಜವಾದ ಕಲಿಕೆ ಶುರುವಾಗೋದೇ ಇಲ್ಲಿಂದ.

ಮ್ಯಾಥ್ಯೂ ಟೇಟ್ ನೆನಪಿದ್ದಾನಾ? 2005ರ ಫೆಬ್ರವರಿಯಲ್ಲಿ ಕಾರ್ಡಿಫ್‌ನಲ್ಲಿ ಇಂಗ್ಲೆಂಡ್ ಪರ ಮೊದಲ ಪಂದ್ಯ ಆಡಿದಾಗ ಅವನಿಗೆ ಇನ್ನೂ 18. ವೇಲ್ಸ್‌ನ ಗ್ಯಾವಿನ್ ಹೆನ್ಸನ್ ಅವನನ್ನು ಟ್ಯಾಕಲ್ ಮಾಡಿ, ನೆಲದಿಂದ ಎತ್ತಿ, ಹಿಂದಕ್ಕೆ ಹೊತ್ತುಕೊಂಡು ಹೋದ. ಇಂಗ್ಲೆಂಡ್ 11-9ರಲ್ಲಿ ಸೋತಿತು. ಮುಂದಿನ ಪಂದ್ಯಕ್ಕೆ ಟೇಟ್ ಹೊರಗೆ. ಆ ನಿರ್ಧಾರ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಸೋಲಿನ ಭಾರವನ್ನೆಲ್ಲ ಒಬ್ಬ ಹುಡುಗನ ತಲೆಗೆ ಕಟ್ಟಿದ ಹಾಗಾಯಿತು. ಅದೇ ಟೇಟ್ 2007ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ರಕ್ಷಣೆಯನ್ನು ಸೀಳಿಕೊಂಡು ಓಡಿದ. ಪ್ರತಿಭೆ ಎಲ್ಲೂ ಹೋಗಿರಲಿಲ್ಲ.

ಜಾನಿ ವಿಲ್ಕಿನ್ಸನ್‌ನನ್ನು ಬೆಳೆಸಿದ ರೀತಿ ಇದಕ್ಕಿಂತ ಒಳ್ಳೆಯದು. 1998ರಲ್ಲಿ ಬ್ರಿಸ್ಬೇನ್‌ನಲ್ಲಿ ಫ್ಲೈ-ಹಾಫ್ ಆಗಿ ಆಡಿದ ಪಂದ್ಯವನ್ನು ಇಂಗ್ಲೆಂಡ್ ಆಸ್ಟ್ರೇಲಿಯಾ ಎದುರು 76-0ರಲ್ಲಿ ಸೋತಿತು. ಆಗ ಅವನಿಗೂ 19. ಮರುವರ್ಷ ಅವನನ್ನು ತಂಡದಲ್ಲೇ ಇಟ್ಟುಕೊಂಡರು, ಆದರೆ ಒಳ ಸೆಂಟರ್ ಜಾಗದಲ್ಲಿ, ಅಂದರೆ ಫ್ಲೈ-ಹಾಫ್‌ನ ಪಕ್ಕದಲ್ಲಿ. ಆಟ ನಡೆಸುವ ಜವಾಬ್ದಾರಿ ಪಕ್ಕದ ಅನುಭವಿಗೆ ಹೋಯಿತು. 2003ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಒದ್ದು ಗಳಿಸುವ ಗೋಲ್) ಹೊಡೆದವನು ಇವನೇ. ನೀವು ಹೇಳಿದ ಹುಡುಗನಿಗೂ ಇದೇ ದಾರಿ ಸರಿ ಅನ್ನಿಸುತ್ತೆ. ಪಕ್ಕದಲ್ಲಿ ಒಬ್ಬ ಹಿರಿಯ ಇರಲಿ, ಪೆನಾಲ್ಟಿ ಒದೆಯುವ ಕೆಲಸ ಸ್ವಲ್ಪ ದಿನ ಬೇರೆಯವರು ಮಾಡಲಿ.

ಆಡುವ ಜಾಗಕ್ಕೆ ತಕ್ಕಂತೆ ನಿರೀಕ್ಷೆಯೂ ಬದಲಾಗಬೇಕು. ಮೈದಾನದ ಅಂಚಿನಲ್ಲಿ ಓಡುವ ವಿಂಗ್ ಆಟಗಾರ ಬೇಗ ಮಿಂಚಬಹುದು. ಅಲ್ಲೂ ಎಲ್ಲಿ ನಿಲ್ಲಬೇಕು ಅನ್ನೋದು ಓಟದಷ್ಟು ಸುಲಭವಾಗಿ ಬರಲ್ಲ. 1994ರಲ್ಲಿ 19ರ ವಿಂಗ್ ಆಟಗಾರ ಜೋನಾ ಲೋಮು ಆಡಿದ ಮೊದಲ ಎರಡೂ ಟೆಸ್ಟ್‌ಗಳನ್ನು ನ್ಯೂಜಿಲೆಂಡ್ ಫ್ರಾನ್ಸ್‌ಗೆ ಸೋತಿತು. ಮರುವರ್ಷ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ನಾಲ್ಕು ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು) ಹೊಡೆದ. ಸ್ಕ್ರಮ್‌ನ (ಎರಡೂ ತಂಡಗಳ ಮುಂಪಡೆ ಚೆಂಡಿಗಾಗಿ ತಳ್ಳಾಡುವುದು) ಮುಂದಿನ ಸಾಲಿನಲ್ಲಿ ನಿಲ್ಲುವ ಪ್ರಾಪ್ ಆದರಂತೂ ಇನ್ನೂ ಜಾಸ್ತಿ ತಾಳ್ಮೆ ಬೇಕು. ಸ್ಕ್ರಮ್‌ನ ಒತ್ತಡ ತಡೆಯೋದನ್ನು ವರ್ಷಗಟ್ಟಲೆ ಆಡಿಯೇ ಕಲಿಯಬೇಕು.

ಮುಂದಿನ ಪಂದ್ಯದಲ್ಲಿ ಅವನು ಎಷ್ಟು ಪಾಯಿಂಟ್ ಗಳಿಸಿದ ಅಂತ ಲೆಕ್ಕ ಹಾಕಬೇಡಿ. ಒದ್ದ ಚೆಂಡು ಚಾರ್ಜ್ ಡೌನ್ ಆದ ಮೇಲೆ (ಎದುರಾಳಿ ಅಡ್ಡ ಬಂದು ತಡೆದ ಮೇಲೆ) ಮುಂದಿನ ಚೆಂಡನ್ನೂ ತನಗೇ ಕೊಡಿ ಅಂತ ಕೂಗುತ್ತಾನಾ, ಇಲ್ಲ ರಕ್ (ನೆಲದ ಮೇಲಿನ ಚೆಂಡಿಗಾಗಿ ತಳ್ಳಾಡುವ ಗುಂಪು) ಹಿಂದೆ ಮರೆಯಾಗುತ್ತಾನಾ, ಅದನ್ನು ನೋಡಿ. ಫ್ಲೈ-ಹಾಫ್‌ಗೆ ಚೆಂಡು ತಲುಪಿಸುವ ಸ್ಕ್ರಮ್-ಹಾಫ್ ತಾನೇ ಒಂದೆರಡು ಸಲ ಒದ್ದು ಇವನ ಹೊರೆ ಇಳಿಸುತ್ತಿದ್ದಾನಾ ಅಂತಲೂ ಗಮನಿಸಿ. ಕೋಚ್ ಬೆಂಚ್‌ನಲ್ಲಿ ಕೂರಿಸಿ ಕೊನೆಯ 20 ನಿಮಿಷ ಮಾತ್ರ ಆಡಿಸಿದರೆ ಅದು ಶಿಕ್ಷೆಯಲ್ಲ, ಅವನನ್ನು ಉಳಿಸಿಕೊಳ್ಳುತ್ತಿದ್ದಾರೆ ಅಂತಲೇ ತಿಳಿಯಿರಿ.