ಅಂತೆಕಂತೆ ಬಿಟ್ಟು ಪುಸ್ತಕ ತೆರೆಯಿರಿ

ಪ್ರಿಯ ಬರಹಗಾರರೇ,

ಬ್ರಿಟನ್ನಿನ ಬೇಟೆನಾಯಿ ಲೇಖಕ ಡೇವಿಡ್ ಬ್ರಯಾನ್ ಪ್ಲಮ್ಮರ್ ಕುರಿತು ನೀವು ಕಳಿಸಿದ ‘ಗುರುವೋ, ಬುರುಡೆದಾಸನೋ?’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ವಿಷಯ ಗಟ್ಟಿಯಾಗಿದೆ, ನಿಮ್ಮ ಭಾಷೆಗೆ ಓಟವಿದೆ. ಅದಕ್ಕೇ ಎರಡು ಸಾಲಿನ ವಿಷಾದಪತ್ರ ಕಳಿಸದೆ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ತಕರಾರು ಇದು. ಲೇಖನದ ತುಂಬ ಇರುವುದು ‘ಕೆಲವರ ಪ್ರಕಾರ’, ‘ಬಲ್ಲವರು ಹೇಳುವಂತೆ’, ‘ಹಾಗಂತೆ’. ಒಂದು ಪ್ಯಾರಾದಲ್ಲಿ ಪ್ಲಮ್ಮರ್ ಮಹಾಜ್ಞಾನಿ, ಮುಂದಿನ ಪ್ಯಾರಾದಲ್ಲಿ ಕಥೆ ಕಟ್ಟುವವರು, ಅದರ ಮುಂದಿನದರಲ್ಲಿ ಕ್ರೂರಿ. ಕೊನೆಗೆ ‘ಸತ್ಯ ಇವೆರಡರ ನಡುವೆ ಎಲ್ಲೋ ಇದೆ’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಎದ್ದುಬಿಟ್ಟಿದ್ದೀರಿ. ಇಷ್ಟೆಲ್ಲ ಜನ ಮಾತಾಡಿದ ಮೇಲೂ ಆ ಮನುಷ್ಯ ಬರೆದದ್ದು ಹೇಗಿದೆ ಎಂಬುದು ನನಗೆ ಗೊತ್ತಾಗಲಿಲ್ಲ. ಅವರ ಪುಸ್ತಕದ ಒಂದೇ ಒಂದು ಪ್ರಸಂಗವನ್ನೂ ನೀವು ಬಿಡಿಸಿ ತೋರಿಸಿಲ್ಲ. ಲೇಖಕನ ಬಗ್ಗೆ ಇರುವ ಅಭಿಪ್ರಾಯಗಳನ್ನು ಗುಡ್ಡೆ ಹಾಕಿದ ಮಾತ್ರಕ್ಕೆ ಅದು ವಿಮರ್ಶೆಯಾಗುವುದಿಲ್ಲ.

ಪ್ಲಮ್ಮರ್ ಸುತ್ತಲಿನ ಜಗಳದಲ್ಲಿ ಬೇರೆಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವರು ಹೇಳಿದ ಘಟನೆಗಳು ನಡೆದವೇ? ನಾಯಿ ಸಾಕಣೆಯ ಬಗ್ಗೆ ಅವರು ಕೊಟ್ಟ ಸಲಹೆ ಸರಿಯೇ? ಅವರು ಮಾಡಿದ ಬೇಟೆಯೇ ಸರಿಯೇ? ಮೊದಲನೆಯದಕ್ಕೆ ‘ಇಲ್ಲ’ ಎಂದವರು ಎರಡನೆಯದಕ್ಕೆ ‘ಹೌದು’ ಎನ್ನಬಹುದು. ಕಥೆಗಳಿಗೆ ರೆಕ್ಕೆಪುಕ್ಕ ಹಚ್ಚಿದ್ದಾರೆ ಎಂದು ಬೈಯುವ ಬೇಟೆಗಾರರಲ್ಲೇ, ತಮಗೆ ನಾಯಿಯ ಹುಚ್ಚು ಹತ್ತಿಸಿದ್ದು ಆ ಪುಸ್ತಕಗಳೇ ಎಂದು ಒಪ್ಪಿಕೊಳ್ಳುವವರಿದ್ದಾರೆ. ನೀವು ಮೂರನ್ನೂ ಕಲಸಿ ‘ವಿವಾದ’ ಎಂಬ ಒಂದೇ ಹೆಸರು ಕೊಟ್ಟಿದ್ದೀರಿ. ಹಾಗಾಗಿ ಯಾವುದಕ್ಕೂ ಉತ್ತರ ಸಿಕ್ಕಿಲ್ಲ.

ಇನ್ನು ವಿವರಗಳ ಮಾತು. ‘ಟೆರಿಯರ್‌ಗಳು ಬಯಲಿನಲ್ಲಿ ಮೊಲವನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತವೆ’ ಎಂದು ಬರೆದಿದ್ದೀರಿ. ಅದು ಲರ್ಚರ್ ಮಾಡುವ ಕೆಲಸ. ಗ್ರೇಹೌಂಡ್‌ನಂಥ ಓಟದ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಟೆರಿಯರನ್ನೋ ಬೆರೆಸಿ ಪಡೆದ, ಕಣ್ಣಿನಿಂದ ಬೇಟೆಯಾಡುವ ನಾಯಿ ಅದು. ಟೆರಿಯರ್ ಗಿಡ್ಡ ನಾಯಿ, ಅದರ ಜಾಗ ಬಿಲದ ಬಾಯಿ ಅಥವಾ ಬಿಲದ ಒಳಗು. ಕನ್ನಡದ ಓದುಗರಿಗೆ ಬೇಟೆನಾಯಿ ಎಂದರೆ ಹಂದಿಯ ಹಿಂದೆ ಬಿದ್ದ ದೊಡ್ಡ ನಾಯಿಯೇ ಕಣ್ಣಿಗೆ ಬರುತ್ತದೆ. ಆ ಚಿತ್ರವನ್ನು ಮೊದಲ ಪುಟದಲ್ಲೇ ಬದಲಿಸದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಪ್ಲಮ್ಮರ್‌ಗೆ ಹೆಸರು ತಂದದ್ದು 1978ರಲ್ಲಿ ಬಂದ ಇಲಿಬೇಟೆಯ ಪುಸ್ತಕ. ‘ಅವರು ಕೋಳಿ ಫಾರಂಗಳಲ್ಲಿ ಇಲಿ ಹಿಡಿಯುತ್ತಿದ್ದರು’ ಎಂದು ನೀವು ಒಂದು ವಾಕ್ಯದಲ್ಲಿ ದಾಟಿಬಿಟ್ಟಿರಿ. ನಿಲ್ಲಬೇಕಾದದ್ದೇ ಅಲ್ಲಿ. ಕಾಳಿನ ಆಸೆಗೆ ಇಲಿಗಳು ಕೋಳಿಮನೆಯ ಅಡಿಯಲ್ಲಿ ಬಿಲ ಮಾಡುತ್ತವೆ. ಫೆರೆಟ್ ಎಂಬ ಉದ್ದ ಮೈಯ ಪಳಗಿದ ಪ್ರಾಣಿಯನ್ನು ಒಂದು ಬಾಯಿಂದ ಒಳಗೆ ಬಿಡುತ್ತಾರೆ, ಇನ್ನೊಂದು ಬಾಯಿಯ ಎದುರು ಟೆರಿಯರ್ ಅಲುಗಾಡದೆ ನಿಂತಿರುತ್ತದೆ. ಇಲಿ ಹೊರಗೆ ಚಿಮ್ಮಿದ ತಕ್ಷಣ ನಾಯಿ ಅದನ್ನು ಕಚ್ಚಿ ಒಮ್ಮೆ ಜಾಡಿಸುತ್ತದೆ, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅದೇ ಬಿಲದಿಂದ ಮುಂದಿನ ಗಳಿಗೆಯಲ್ಲಿ ಫೆರೆಟ್ ತಲೆ ಹಾಕಿದರೆ ಅದೇ ನಾಯಿ ಅದನ್ನು ಮುಟ್ಟಬಾರದು. ಬೆನ್ನ ಹಿಂದೆ ರೆಕ್ಕೆ ಬಡಿಯುತ್ತಿರುವ ಕೋಳಿಗಳ ಕಡೆ ತಿರುಗಿಯೂ ನೋಡಬಾರದು. ಇಷ್ಟನ್ನು ಒಂದು ಪ್ರಾಣಿಗೆ ಕಲಿಸುವುದು ಎಷ್ಟು ತಾಳ್ಮೆಯ ಕೆಲಸ ಎಂಬುದು ಓದುಗರಿಗೆ ಕಂಡರೆ, ಈ ಲೇಖಕನನ್ನು ಜನ ಯಾಕೆ ನಂಬಿದರು ಎಂಬುದೂ ಕಾಣುತ್ತದೆ. ಹಿಡಿದವರ ಕೈಗೆ ಗಾಯವಿದ್ದರೆ ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ತಗುಲುವ ಅಪಾಯವೂ ಇದರ ಜೊತೆಗಿದೆ. ಅದನ್ನೂ ಹೇಳಿ.

ಕಾನೂನಿನ ಭಾಗವನ್ನು ಪೂರ್ತಿ ತಿದ್ದಬೇಕು. ‘ನಾಯಿಬೇಟೆಯ ನಿಷೇಧವನ್ನು ಧಿಕ್ಕರಿಸಿ ಬರೆದವರು’ ಎಂದಿದ್ದೀರಿ. ಪ್ಲಮ್ಮರ್ ತೀರಿಕೊಂಡದ್ದು 2003ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ ಬೇಟೆ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 2004ರ ನವೆಂಬರ್‌ನಲ್ಲಿ, ಜಾರಿಗೆ ಬಂದದ್ದು 2005ರ ಫೆಬ್ರವರಿ 18ರಂದು. ಸ್ಕಾಟ್ಲೆಂಡಿನದು ಬೇರೆಯೇ ಕಾನೂನು, ಮೊದಲು 2002ರದು, ಈಗ ಅದರ ಜಾಗದಲ್ಲಿ 2023ರದು. ಇನ್ನೊಂದು ಮಾತು: ಜಮೀನಿನವರ ಅನುಮತಿ ಇದ್ದರೆ ನಾಯಿಗಳಿಂದ ಇಲಿ, ಮೊಲ ಹಿಡಿಯುವುದಕ್ಕೆ 2004ರ ಕಾಯ್ದೆಯೂ ವಿನಾಯಿತಿ ಕೊಟ್ಟಿದೆ. ಇಲ್ಲಿ ಮೊಲ ಎಂದರೆ ಬಿಲದಲ್ಲಿರುವ ರ‍್ಯಾಬಿಟ್. ಬಯಲಲ್ಲಿ ಬದುಕುವ ಹೇರ್‌ಗೆ ಆ ವಿನಾಯಿತಿ ಇಲ್ಲ. ಅಂದರೆ ಅವರಿಗೆ ಹೆಸರು ತಂದ ಕೆಲಸ ಇವತ್ತಿಗೂ ಅಲ್ಲಿ ಅಪರಾಧವಲ್ಲ. ನರಿಯ ವಿಷಯ ಬೇರೆ, ಅದನ್ನು ಬೇರೆಯಾಗಿಯೇ ಬರೆಯಿರಿ.

ನಿಮ್ಮ ಲೇಖನದಲ್ಲಿ ಎಲ್ಲೂ ಬಾರದ ಒಂದು ಸಾಕ್ಷಿ ಇದೆ, ಅವರ ಹೆಸರಿನ ತಳಿ. ಜ್ಯಾಕ್ ರಸೆಲ್ ಬಗೆಯ ಟೆರಿಯರ್‌ಗಳಿಗೆ ಬೀಗಲ್, ಫೆಲ್ ಟೆರಿಯರ್, ಬುಲ್ ಟೆರಿಯರ್ ರಕ್ತ ಬೆರೆಸಿ ಪಡೆದ, ಬೆಂಕಿಯ ಬಣ್ಣಕ್ಕೆ ಬಿಳಿ ಕೂಡಿದ ಪ್ಲಮ್ಮರ್ ಟೆರಿಯರ್ ಇಂದಿಗೂ ಉಳಿದಿದೆ. ವೃತ್ತಿಯಿಂದ ಶಾಲಾ ಮೇಷ್ಟ್ರಾಗಿದ್ದ ಪ್ಲಮ್ಮರ್ ನಾಯಿಗಳ ಹಲವು ತಲೆಮಾರುಗಳ ಕಾಲ ಮರಿಗಳನ್ನು ಆರಿಸಿ, ಕೂಡಿಸಿ ಒಂದು ತಳಿಯನ್ನು ನೆಲೆಗೆ ನಿಲ್ಲಿಸಿದ್ದು ಬಾಯಿಮಾತಲ್ಲ. ಅವರಿಗೆ ನಾಯಿ ಗೊತ್ತಿತ್ತು ಎನ್ನಲು ಇದು ಸಾಕು. ಅವರ ಕಥೆಗಳು ನಿಜ ಎನ್ನಲು ಇದು ಸಾಲದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಮಾಡಿ.

ನನ್ನ ನಿಲುವನ್ನೂ ಹೇಳುತ್ತೇನೆ, ಒಪ್ಪಲೇಬೇಕೆಂದೇನಿಲ್ಲ. ಕಥೆ ಹೇಳುವವರು ಸ್ವಲ್ಪ ಹೆಚ್ಚು ಹೇಳಿದರೆ ನನಗೆ ಬೇಸರವಿಲ್ಲ. ಇಲಿಗಳ ಲೆಕ್ಕಕ್ಕೆ ಒಂದು ಸೊನ್ನೆ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಆದರೆ ಅದೇ ಕೈ ಅದೇ ಧಾಟಿಯಲ್ಲಿ ತರಬೇತಿಯ ಮಾತು ಬರೆದಾಗ ಪರಿಸ್ಥಿತಿ ಬದಲಾಗುತ್ತದೆ. ಟೆರಿಯರ್ ಬಿಲದೊಳಗೆ ನರಿಯ ಎದುರು ಗಂಟೆಗಟ್ಟಲೆ ನಿಂತಿತು ಎಂದು ಮೈ ಜುಮ್ಮೆನ್ನುವಂತೆ ಯಾರೇ ಬರೆಯಲಿ, ಅದನ್ನು ಓದಿದ ಎಳೆಯ ಹುಡುಗ ತನ್ನ ಹದಕ್ಕೆ ಬಾರದ ಮರಿಯನ್ನು ಒಳಗೆ ಬಿಡುತ್ತಾನೆ. ಕತ್ತಲಲ್ಲಿ ಹಿಂದೆ ಸರಿಯಲು ಜಾಗವಿರುವುದಿಲ್ಲ. ಮೂತಿ, ತುಟಿ, ಕೆಳದವಡೆ ಹರಿದುಹೋಗುತ್ತವೆ. ಮಣ್ಣು ಕುಸಿದರೆ ನಾಯಿಯ ಕೊರಳಪಟ್ಟಿಗೆ ಕಟ್ಟಿದ ಪುಟ್ಟ ಯಂತ್ರದ ಸಂಕೇತ ಹುಡುಕುತ್ತ ಅಗೆಯಬೇಕು, ಅಗೆಯುವಷ್ಟರಲ್ಲಿ ಹೊತ್ತು ಮೀರಿರಬಹುದು. ಅತ್ತ ನರಿಗೂ ಓಡಲು ದಾರಿಯಿಲ್ಲ. ಇಂಥ ಉತ್ಪ್ರೇಕ್ಷೆಯ ಸಾಲ ತೀರಿಸುವುದು ಲೇಖಕನೂ ಅಲ್ಲ, ಓದುಗನೂ ಅಲ್ಲ, ನಾಯಿ. ಆದ್ದರಿಂದ ‘ಇದು ನಿಜವೇ ಸುಳ್ಳೇ’ ಎಂದು ಎಲ್ಲ ಪುಟಕ್ಕೂ ಕೇಳುತ್ತ ಕೂರಬೇಡಿ. ಯಾವ ಪುಟದ ಸುಳ್ಳಿನಿಂದ ಪ್ರಾಣಿಗೆ ಪೆಟ್ಟು ಬೀಳಬಹುದೋ ಆ ಪುಟವನ್ನು ಹಿಡಿದು ಕೇಳಿ. ಅಂಥದ್ದು ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ.

ಹೆಸರಿಲ್ಲದವರ ಬಾಯಿಂದ ಬಂದ ಆರೋಪಗಳು ನಿಮ್ಮ ಲೇಖನದಲ್ಲಿವೆ. ಅವನ್ನು ತೆಗೆಯಿರಿ. ತೀರಿಕೊಂಡವರು ಉತ್ತರ ಕೊಡಲಾರರು, ಹೇಳಿದವರು ಹೊಣೆ ಹೊರುವುದಿಲ್ಲ. ಉಳಿದವರು ನೀವು, ನಿಮ್ಮ ಹಿಂದೆ ನಾನು. ಪುಸ್ತಕದ ಒಳಗೇ ಒಂದಕ್ಕೊಂದು ತಾಳೆಯಾಗದ ಮಾತುಗಳು ಸಿಕ್ಕರೆ, ಪುಟ ಸಮೇತ ಅವನ್ನು ಎದುರುಬದುರು ಇಡಿ. ಅದಕ್ಕೆ ಸಮನಾದ ಆರೋಪ ಬೇರೊಂದಿಲ್ಲ.

‘ಮನುಷ್ಯ ಮತ್ತು ನಾಯಿಯ ನಂಟು ಸಾವಿರಾರು ವರ್ಷಗಳದು’ ಎಂದು ಶುರುವಾಗುವ ಮೊದಲ ಪುಟ ಬೇಡ. ಕೋಳಿಮನೆಯಿಂದಲೇ ಆರಂಭಿಸಿ. ಬೇಟೆ ಸರಿಯೋ ತಪ್ಪೋ ಎಂಬಲ್ಲಿ ‘ಅದು ಅವರವರ ಭಾವಕ್ಕೆ’ ಎಂದು ಜಾರಿಕೊಂಡಿದ್ದೀರಿ. ಅಲ್ಲಿ ನಿಮ್ಮ ಮಾತು ನನಗೆ ಬೇಕೇ ಬೇಕು. ನೀವು ಬೇಟೆಯನ್ನು ಒಪ್ಪಿದರೂ ಛಾಪಿಸುತ್ತೇನೆ, ಖಂಡಿಸಿದರೂ ಛಾಪಿಸುತ್ತೇನೆ, ಕಾರಣ ಕೊಟ್ಟಿರಬೇಕು ಅಷ್ಟೆ.

ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ. ಅವಸರ ಮಾಡಬೇಡಿ, ಮೊದಲು ಇಲಿಬೇಟೆಯ ಪುಸ್ತಕವನ್ನು ಪೆನ್ಸಿಲ್ ಹಿಡಿದು ಪೂರ್ತಿ ಓದಿ. ಶೀರ್ಷಿಕೆಯನ್ನು ಆಮೇಲೆ ನೋಡೋಣ.

ಇಂತಿ,
ಸಂಪಾದಕ