ವಿಶೇಷ ಶಿಕ್ಷಕಿಯಾಗಿದ್ದೆ, ಈಗ ಕೇಂದ್ರದ ಮುಖ್ಯಸ್ಥೆ ಆಗುತ್ತಿದ್ದೇನೆ. ಏನು ಕಲಿಯಬೇಕು?

ಎಂಟು ವರ್ಷ ವಿಕಲಚೇತನ ಮಕ್ಕಳಿಗೆ ಪಾಠ ಹೇಳಿದ್ದೀರಿ, ಬರುವ ತಿಂಗಳಿಂದ ಇಡೀ ಕೇಂದ್ರ ನಿಮ್ಮ ಕೈಗೆ ಬರುತ್ತಿದೆ. ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಬೇಕಾ ಅಂತ ಕೇಳಿದ್ದೀರಿ. ಜೊತೆಗೆ, ನನಗೆ ಅಂಗವೈಕಲ್ಯ ಇಲ್ಲ, ಆ ಕುರ್ಚಿಯಲ್ಲಿ ನಾನು ಕೂರುವುದು ಸರಿಯಾ ಅಂತಲೂ ಕೇಳಿದ್ದೀರಿ.

ಕೋರ್ಸ್ ಸದ್ಯಕ್ಕೆ ಬೇಡ. ಅಕೌಂಟೆಂಟ್ ಪಕ್ಕ ನಾಲ್ಕು ಸಂಜೆ ಕೂತು ಲೆಕ್ಕ ಓದುವುದು ಕಲಿತುಕೊಳ್ಳಿ, ಸಾಕು. ನಿಮ್ಮ ಎರಡನೇ ಪ್ರಶ್ನೆಯೇ ದೊಡ್ಡದು. ನಾನೂ ನಿಮ್ಮ ಹಾಗೆಯೇ ಪಾಠದ ಕೋಣೆಯಿಂದ ಈ ಕಡೆ ಬಂದವಳು, ನನಗೂ ಅಂಗವೈಕಲ್ಯ ಇಲ್ಲ. ಮೊದಲ ವರ್ಷ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ.

ಒಬ್ಬ ದಾನಿ 40 ಗಾಲಿಕುರ್ಚಿ ಕೊಡುತ್ತೇವೆ ಅಂದರು. ನಾನು ಕುಣಿದಾಡಿಬಿಟ್ಟೆ. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ಶಾಮಿಯಾನ, ಹಾರ, ಫೋಟೋ, ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಆಯಿತು. 40 ಕುರ್ಚಿಯೂ ಒಂದೇ ಅಳತೆ. ನಾನು ಯಾರ ಅಳತೆಯನ್ನೂ ತೆಗೆಸಿರಲಿಲ್ಲ.

ಗಾಲಿಕುರ್ಚಿ ಅಂದರೆ ಚಪ್ಪಲಿ ಇದ್ದ ಹಾಗೆ, ಬೇರೆಯವರ ಅಳತೆಯದು ಕಚ್ಚುತ್ತದೆ. ಸೀಟು ಸೊಂಟಕ್ಕಿಂತ ಜಾಸ್ತಿ ಅಗಲ ಇದ್ದರೆ ಬೆನ್ನು ಒಂದು ಕಡೆ ವಾಲುತ್ತದೆ. ಪಾದ ಇಡುವ ಹಲಗೆ ತೀರಾ ಮೇಲಿದ್ದರೆ ಭಾರವೆಲ್ಲ ಕುಂಡಿಯ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನರಿಗೆ ಪೆಟ್ಟಿನ ಕೆಳಭಾಗದಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಹಾಗಾಗಿ ಒತ್ತಡಕ್ಕೆ ಚರ್ಮ ಕೊಳೆತು ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಆರು ತಿಂಗಳ ಮೇಲೆ ಮನೆಮನೆಗೆ ಹೋದೆ. ಒಂದು ಕುರ್ಚಿಯಲ್ಲಿ ಹುಲ್ಲಿನ ಹೊರೆ ಸಾಗಿಸುತ್ತಿದ್ದರು. ಇನ್ನೊಂದರ ಮೇಲೆ ಕೋಳಿ ಮಲಗಿತ್ತು. ಒಬ್ಬ ಹುಡುಗನಿಗೆ ಹುಣ್ಣಾಗಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದ.

ನನ್ನ ಜೊತೆ ಬಂದಿದ್ದವರು ಆ ಪಂಚಾಯಿತಿಯ ವಿ.ಆರ್.ಡಬ್ಲ್ಯು. ನಿಮಗೆ ಗೊತ್ತಿರುತ್ತದೆ, ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಹೆಚ್ಚಿನವರು ತಾವೇ ವಿಕಲಚೇತನರು. ಪೋಲಿಯೋ ಆದ ಕಾಲಲ್ಲೇ ಸ್ಕೂಟರಿನಲ್ಲಿ ಊರೂರು ಸುತ್ತುವ ಮನುಷ್ಯ ಅವರು. "ಮೇಡಂ, ಒಂದು ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಒಂದು ಬದಲಾವಣೆ ಮಾಡಿದೆ. ಏನಾದರೂ ಖರೀದಿ ಮಾಡುವ ಮುಂಚೆ, ಹೊಸ ಕೆಲಸ ಒಪ್ಪಿಕೊಳ್ಳುವ ಮುಂಚೆ ಐದು ಜನ ಕೂರುತ್ತೇವೆ. ಅದರಲ್ಲಿ ಮೂವರು ವಿಕಲಚೇತನರು, ಒಬ್ಬರು ತಾಯಿ, ಒಬ್ಬಳು ನಾನು. ಅವರು ಬೇಡ ಅಂದರೆ ಬೇಡ. ಸುಮ್ನೆ ಅಭಿಪ್ರಾಯ ಕೇಳಿ ಕಳಿಸುವುದಲ್ಲ. ಎರಡು ಸಲ ಬಂದ ದುಡ್ಡನ್ನೇ ವಾಪಸ್ ಕಳಿಸಿದ್ದೇವೆ. ಟ್ರಸ್ಟಿನವರ ಹತ್ತಿರ ಬೈಸಿಕೊಂಡಿದ್ದೇನೆ ಕೂಡ.

ಇದು ನನ್ನ ತಲೆಯಿಂದ ಹುಟ್ಟಿದ ಯೋಚನೆಯಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1972ರಲ್ಲಿ ಎಡ್ ರಾಬರ್ಟ್ಸ್ ಮತ್ತು ಗೆಳೆಯರು, ವಿಕಲಚೇತನರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಶುರು ಮಾಡಿದರು. ಪೋಲಿಯೋದಿಂದ ಕೈಕಾಲು ಸ್ವಾಧೀನ ತಪ್ಪಿ, ಉಸಿರಾಡಲೂ ಯಂತ್ರ ಬೇಕಾಗಿದ್ದವರು ರಾಬರ್ಟ್ಸ್. ಇಂಥ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿಕಲಚೇತನರೇ ಇರಬೇಕು ಅಂತ ಆ ದೇಶದ ಕಾನೂನೇ ಹೇಳುತ್ತದೆ. ಅಷ್ಟು ದೂರ ಯಾಕೆ, ವಿಕಲಚೇತನರಿಗಾಗಿ ದುಡಿಯುವ ಬೆಂಗಳೂರಿನ ಎ.ಪಿ.ಡಿ. ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಅವರೇ ಗಾಲಿಕುರ್ಚಿ ಬಳಸುತ್ತಿದ್ದವರು. ಅಂಥದ್ದೇ ಇನ್ನೊಂದು ಸಂಸ್ಥೆ ಸಮರ್ಥನಂ ಶುರು ಮಾಡಿದ ಮಹಾಂತೇಶ್ ಅವರಿಗೆ ಕಣ್ಣು ಕಾಣುವುದಿಲ್ಲ. ಪದ್ಮಶ್ರೀ ಬಂತಲ್ಲ, ಕೆ.ಎಸ್. ರಾಜಣ್ಣ, ಪೋಲಿಯೋದಿಂದ ಕೈಕಾಲು ಕಳೆದುಕೊಂಡವರು ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದರು. ಹಾಗಾಗಿ ಕುರ್ಚಿಯಲ್ಲಿ ನೀವು ಕೂತುಕೊಳ್ಳಿ, ತಪ್ಪೇನಿಲ್ಲ. ಆದರೆ ನಿಮ್ಮ ನಂತರ ಅಲ್ಲಿ ಕೂರುವ ವಿಕಲಚೇತನರೊಬ್ಬರನ್ನು ಈಗಿನಿಂದಲೇ ತಯಾರು ಮಾಡಿ. ಸಹಿ ಹಾಕುವ ಅಧಿಕಾರ ಕೊಡಿ, ಬ್ಯಾಂಕಿಗೆ ಕಳಿಸಿ, ಅಧಿಕಾರಿಗಳ ಎದುರು ನೀವು ಬಾಯಿ ಮುಚ್ಚಿಕೊಂಡು ಅವರಿಗೆ ಮಾತಾಡಲು ಬಿಡಿ. ಆ ಬಾಯಿ ಮುಚ್ಚಿಕೊಳ್ಳುವುದಿದೆಯಲ್ಲ, ಟೀಚರ್ ಆಗಿದ್ದವರಿಗೆ ಅದೇ ಕಷ್ಟ.

ಕಾಗದಪತ್ರದ ಬಗ್ಗೆ ಸ್ವಲ್ಪ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಂಸ್ಥೆಯ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ. ಶಿಕ್ಷಕರ, ಥೆರಪಿಸ್ಟರ ಆರ್.ಸಿ.ಐ. (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಯಾವಾಗ ಮುಗಿಯುತ್ತದೆ ಅಂತ ಗೋಡೆಯ ಮೇಲೆ ಬರೆದಿಡಿ. ನವೀಕರಣಕ್ಕೆ ತರಬೇತಿಯ ಅಂಕಗಳು ಬೇಕು, ಆ ತರಬೇತಿಗೆ ರಜೆ ಕೊಡಬೇಕಾದವರು ಇನ್ನು ಮುಂದೆ ನೀವು. ಸಂಬಳ ತಡವಾದರೆ ಮೊದಲೇ ಹೇಳಿಬಿಡಿ. ಅನುದಾನ ಬಂದಿಲ್ಲ ಅನ್ನುವುದನ್ನು ಸಿಬ್ಬಂದಿ ಸಹಿಸುತ್ತಾರೆ, ಮುಚ್ಚಿಟ್ಟಿದ್ದನ್ನು ಸಹಿಸುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಯಲ್ಲಿರಲಿಲ್ಲ, ಆದರೆ ಮೊದಲ ತಿಂಗಳಲ್ಲೇ ಎದುರಾಗುತ್ತದೆ. ಟೀಚರ್ ಆಗಿದ್ದಾಗ ತಾಯಂದಿರು ಮಗು ಇವತ್ತು ಏನು ಕಲಿತ ಅಂತ ಕೇಳುತ್ತಿದ್ದರು. ಮುಖ್ಯಸ್ಥೆಯ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, "ನಾವು ಹೋದ ಮೇಲೆ ಇವನನ್ನ ಯಾರು ನೋಡ್ಕೋತಾರೆ" ಅಂತ ಕೇಳುತ್ತಾರೆ. ಆಗ ಧೈರ್ಯ ಹೇಳಿ ಕಳಿಸಬೇಡಿ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. 18 ತುಂಬಿದ ಮೇಲೂ ತಂದೆತಾಯಿ ತಾವಾಗಿಯೇ ಕಾನೂನಿನ ಪ್ರಕಾರ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯ ಇದ್ದರೆ ಪೋಷಕರ ನೇಮಕಕ್ಕೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ, ಒಂದು ಸಂಸ್ಥೆಯ ಪ್ರತಿನಿಧಿ ಇರುತ್ತಾರೆ, ಅಂಗವೈಕಲ್ಯ ಇರುವ ಒಬ್ಬರೂ ಇರಲೇಬೇಕು. ನನಗೆ ಗಾಲಿಕುರ್ಚಿ ಪ್ರಕರಣದಿಂದ ಗೊತ್ತಾದದ್ದನ್ನು ಕಾನೂನು ಬರೆದವರು ಎಷ್ಟೋ ಮೊದಲೇ ಬರೆದಿಟ್ಟಿದ್ದರು ನೋಡಿ.

ಮೊದಲ ವಾರದಲ್ಲೇ ಕಡತ ತೆಗೆಸಿ, 17 ದಾಟಿದ ಮಕ್ಕಳ ಪಟ್ಟಿ ಮಾಡಿಸಿ. ನನ್ನ ಕೇಂದ್ರದಲ್ಲಿ ಆ ಪಟ್ಟಿ ಮಾಡುವ ಹೊತ್ತಿಗೆ ಒಬ್ಬನಿಗೆ 26 ಆಗಿತ್ತು.